ಒಂದು ಕೆಜಿಯೊಳಗೆ ಗಾಂಜಾ ಇದ್ದರೆ ಕೇಸಿಲ್ಲವೇ? ‘ಸಣ್ಣ ಪ್ರಮಾಣ’ದ ಬಗ್ಗೆ ಕಾನೂನು ಹೇಳುವುದೇನು

‘ಒಂದು ಕೆಜಿಯೊಳಗೆ ಗಾಂಜಾ ಇದ್ದರೆ ಪೊಲೀಸರು ಏನೂ ಮಾಡುವಂತಿಲ್ಲ.’ ‘ಒಂದು ಚಿಲುಮೆ ಸೇದಿ ಸಿಕ್ಕರೂ ಹತ್ತು ವರ್ಷ ಜೈಲು.’ ಗದಗ-ಬೆಟಗೇರಿಯ ಕಾಲೇಜು ಹುಡುಗರ ಗ್ರೂಪಿನಲ್ಲೋ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಯಾವುದೋ ಫ್ಯಾಮಿಲಿ ಗ್ರೂಪಿನಲ್ಲೋ ಇಂಥ ಮಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದ ಹುಡುಗ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ಎರಡನೆಯದನ್ನು ನಂಬಿದ ತಾಯಿ ಮಗನನ್ನು ಆಸ್ಪತ್ರೆಗೆ ಕರೆದೊಯ್ಯಲೂ ಹೆದರುತ್ತಾಳೆ.

ಕಾನೂನಿನಲ್ಲಿ ಏನಿದೆ?

ಮಾದಕ ವಸ್ತುಗಳಿಗೆ ಸಂಬಂಧಿಸಿದ್ದು 1985ರ ಎನ್‌ಡಿಪಿಎಸ್ ಕಾಯ್ದೆ. 2001ರ ತಿದ್ದುಪಡಿಯ ನಂತರ ಶಿಕ್ಷೆಯನ್ನು ಸಿಕ್ಕ ಮಾಲಿನ ತೂಕ ನೋಡಿ ನಿಗದಿ ಮಾಡಲಾಗುತ್ತದೆ. ಗಾಂಜಾದ ಲೆಕ್ಕ ಹೀಗಿದೆ:

• 1 ಕೆಜಿಗಿಂತ ಕಡಿಮೆ (ಸಣ್ಣ ಪ್ರಮಾಣ): 1 ವರ್ಷದವರೆಗೆ ಕಠಿಣ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
• 1ರಿಂದ 20 ಕೆಜಿ: 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.
• 20 ಕೆಜಿಗಿಂತ ಹೆಚ್ಚು (ವಾಣಿಜ್ಯ ಪ್ರಮಾಣ): 10ರಿಂದ 20 ವರ್ಷ ಜೈಲು, 1ರಿಂದ 2 ಲಕ್ಷ ದಂಡ.

ಅಂದರೆ ‘ಸಣ್ಣ ಪ್ರಮಾಣ’ ಎಂದರೆ ಶಿಕ್ಷೆ ಕಡಿಮೆ ಎಂದಷ್ಟೇ ಅರ್ಥ, ಇಟ್ಟುಕೊಳ್ಳಲು ಅನುಮತಿ ಇದೆ ಎಂದಲ್ಲ. ಈ ಮಿತಿ ಎಲ್ಲ ವಸ್ತುಗಳಿಗೂ ಒಂದೇ ಅಲ್ಲ. ಚರಸ್‌ಗೆ 100 ಗ್ರಾಂ, ಹೆರಾಯಿನ್‌ಗೆ 5 ಗ್ರಾಂ, ಕೊಕೇನ್‌ಗೆ ಬರೀ 2 ಗ್ರಾಂ.

ರೈತರು ಗಮನಿಸಬೇಕಾದ ಮಾತು: ಗಾಂಜಾ ಗಿಡ ಬೆಳೆಯುವುದು ಬೇರೆಯೇ ಅಪರಾಧ. ಅದಕ್ಕೆ ಸಣ್ಣ-ದೊಡ್ಡ ಎಂಬ ಭೇದವಿಲ್ಲ. ಮೆಣಸಿನಕಾಯಿ, ಹತ್ತಿ ಸಾಲಿನ ನಡುವೆ ನಾಲ್ಕೇ ಗಿಡ ಬೆಳೆಸಿದರೂ 10 ವರ್ಷದವರೆಗೆ ಜೈಲಾಗಬಹುದು.

ತೊಡಕು ಎಲ್ಲಿದೆ?

ಕಾನೂನು ಇಲ್ಲಿ ಮುಖ್ಯವಾಗಿ ತೂಕ ನೋಡುತ್ತದೆ, ಉದ್ದೇಶವನ್ನಲ್ಲ. 10 ಗ್ರಾಂ ಗಾಂಜಾ ಸೇದಲು ಇಟ್ಟುಕೊಂಡ ವಿದ್ಯಾರ್ಥಿಗೂ 900 ಗ್ರಾಂ ಮಾರಲು ತಂದವನಿಗೂ ಅನ್ವಯಿಸುವ ಗರಿಷ್ಠ ಶಿಕ್ಷೆ ಒಂದೇ. ಇನ್ನೊಂದು ತೊಡಕು ಕಲಬೆರಕೆಯದು. ಪುಡಿಯಲ್ಲಿ ಅಸಲಿ ಹೆರಾಯಿನ್ ಎಷ್ಟೇ ಇರಲಿ, ಬೆರೆಸಿದ್ದನ್ನೂ ಸೇರಿಸಿ ಒಟ್ಟು ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು.

ಬಹಳ ಮಂದಿಗೆ ಗೊತ್ತಿಲ್ಲದ ಕಲಂ

ಇದೇ ಕಾಯ್ದೆಯ 64ಎ ಕಲಂ ವ್ಯಸನಿಗಳಿಗೆ ಒಂದು ದಾರಿ ಬಿಟ್ಟಿದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದ ವಿಚಾರಣೆಯಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ವಿನಾಯಿತಿಯನ್ನು ಹಿಂಪಡೆಯಬಹುದು. ಮಾರಾಟದ ಜಾಲ ನಡೆಸುವವರಿಗಾಗಿ ಇರುವ ದಾರಿ ಇದಲ್ಲ.

‘ಸರ್ಕಾರ ಶಿಕ್ಷೆ ತೆಗೆದುಹಾಕಿದೆ’ ಎಂಬುದು ನಿಜವೇ?

ಇಲ್ಲ. ಸ್ವಂತ ಬಳಕೆಗೆ ಸಣ್ಣ ಪ್ರಮಾಣ ಇಟ್ಟುಕೊಂಡವರನ್ನು ಜೈಲಿಗೆ ಕಳಿಸದೆ ಚಿಕಿತ್ಸೆಗೆ ಕಳಿಸಬೇಕು ಎಂಬ ಸಲಹೆಯನ್ನು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಕೊಟ್ಟಿದೆ ಎಂದು 2021ರಲ್ಲಿ ಸುದ್ದಿಯಾಗಿತ್ತು. ಆದರೆ ಅದೇ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಕಾಯ್ದೆಯ ಹಳೆಯ ಬರವಣಿಗೆಯ ದೋಷವೊಂದನ್ನು ಸರಿಪಡಿಸಿತಷ್ಟೇ. ಸಣ್ಣ ಪ್ರಮಾಣದ ಶಿಕ್ಷೆ ಹಾಗೇ ಉಳಿಯಿತು.

ಬೇರೆ ದೇಶಗಳ ಅನುಭವ ಎರಡು ಬಗೆಯದು. ಪೋರ್ಚುಗಲ್ 2001ರಿಂದ ಸಣ್ಣ ಪ್ರಮಾಣವನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆಯಿತು. ಸಿಕ್ಕವರನ್ನು ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ಕರೆಸಿ, ಬೇಕಿದ್ದವರನ್ನು ಚಿಕಿತ್ಸೆಗೆ ಕಳಿಸುತ್ತಾರೆ. ಅಲ್ಲೂ ಡ್ರಗ್ಸ್ ಕಾನೂನುಬದ್ಧವಲ್ಲ. ಅಮೆರಿಕದ ಒರೆಗಾನ್ ರಾಜ್ಯ 2021ರಲ್ಲಿ ಶಿಕ್ಷೆ ಕೈಬಿಟ್ಟಿತು. ಚಿಕಿತ್ಸೆಯ ವ್ಯವಸ್ಥೆ ಸಕಾಲಕ್ಕೆ ಬೆಳೆಯಲಿಲ್ಲ, ಬೀದಿಯಲ್ಲೇ ಸೇವನೆ ನಡೆಯುತ್ತಿದೆ ಎಂಬ ದೂರು ಹೆಚ್ಚಿತು. 2024ರ ಸೆಪ್ಟೆಂಬರ್‌ನಲ್ಲಿ ಶಿಕ್ಷೆ ಮರಳಿ ಬಂತು. ಶಿಕ್ಷೆ ತೆಗೆದರೆ ಸಾಲದು, ಆ ಜಾಗದಲ್ಲಿ ಚಿಕಿತ್ಸೆ ಸಿದ್ಧವಿರಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನೀವೇನು ಮಾಡಬಹುದು?

ಮನೆಯಲ್ಲಿ ಯಾರಿಗಾದರೂ ಈ ಚಟ ಇದೆ ಎಂದು ಗೊತ್ತಾದರೆ ಕೇಸಾಗುವವರೆಗೆ ಕಾಯಬೇಡಿ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ಗದಗದ ಜಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಚಿಕಿತ್ಸೆ ಕೇಳಿಕೊಂಡು ಹೋಗುವುದು ಅಪರಾಧವಲ್ಲ. ಕೇಸ್ ಈಗಾಗಲೇ ಆಗಿದ್ದರೆ ವಕೀಲರ ಬಳಿ 64ಎ ಬಗ್ಗೆ ಕೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.

‘ಒಂದು ಕೆಜಿಯೊಳಗೆ ಕೇಸಿಲ್ಲ’ ಎಂಬ ಮೆಸೇಜು ಇನ್ನೊಮ್ಮೆ ಬಂದರೆ ಮುಂದೆ ಕಳಿಸಬೇಡಿ. ಕಳಿಸುವುದೇ ಆದರೆ 14446 ಎಂಬ ಸಂಖ್ಯೆಯನ್ನು ಕಳಿಸಿ.