ವೈ-ಫೈ ಇದೆ, ನೆಟ್ ಇಲ್ಲ: ಮನೆ ರೂಟರ್ ದುರಸ್ತಿಯ ಮೂವತ್ತು ವರ್ಷ

ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: ‘ವೈ-ಫೈ ಕನೆಕ್ಟ್ ಆಗಿದೆ ಅಂತ ತೋರಿಸ್ತಿದೆ, ನೆಟ್ ಮಾತ್ರ ಬರ್ತಿಲ್ಲ.’ ಯಾವಾಗಿನಿಂದ ಎಂದು ಕೇಳಿದರೆ ‘ನಿನ್ನೆಯಿಂದ’ ಅನ್ನುತ್ತಾರೆ. ನಿನ್ನೆ ಏನಾದರೂ ಮುಟ್ಟಿದಿರಾ ಎಂದು ಕೇಳಿದಾಗ ಸ್ವಲ್ಪ ತಡೆದು ನಿಜ ಹೊರಬರುತ್ತದೆ. ಒಬ್ಬರು ಪಾಸ್‌ವರ್ಡ್ ಬದಲಿಸಲು ಹೋಗಿದ್ದರು, ಇನ್ನೊಬ್ಬರು ಮಹಡಿಯ ಕೋಣೆಗೆಂದು ಎರಡನೇ ರೂಟರ್ ಹಾಕಿದ್ದರು, ಮತ್ತೊಬ್ಬರು ಯಾರೋ ಹೇಳಿದರೆಂದು ಡಿಎನ್‌ಎಸ್ ಅಂಕಿಗಳನ್ನು ತಿದ್ದಿದ್ದರು. ತಂತಿ ಕಡಿದಿಲ್ಲ, ಬಿಲ್ ಬಾಕಿಯಿಲ್ಲ, ಪೆಟ್ಟಿಗೆ ಸುಟ್ಟಿಲ್ಲ. ಒಂದು ಸೆಟ್ಟಿಂಗ್ ಬದಲಾಗಿದೆ, ಅಷ್ಟೆ. ಆ ಒಂದನ್ನು ಹುಡುಕಿ ತೆಗೆಯುವ ವಿದ್ಯೆಗೆ ಈಗ ಮೂವತ್ತು ವರ್ಷದ ಚರಿತ್ರೆಯಿದೆ. ಆ ಚರಿತ್ರೆಯನ್ನು ನಾನು ಒಂದು ಪ್ರಶ್ನೆ ಹಿಡಿದು ನೋಡುತ್ತೇನೆ: ಆಯಾ ಕಾಲದಲ್ಲಿ ಸೆಟ್ಟಿಂಗ್ ಯಾರ ಕೈಯಲ್ಲಿತ್ತು?

ಗಾಳಿಯಲ್ಲಿ ಬಂದದ್ದನ್ನು ಮನೆಯೊಳಗೆ ಹಿಡಿಯುವುದು ಈ ಬಡಾವಣೆಗೆ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ, 30 ವಾಟ್‌ನ ಪುಟ್ಟ ಪ್ರಸಾರ ಯಂತ್ರ ಇಟ್ಟುಕೊಂಡು ‘ಆಕಾಶವಾಣಿ’ ಆರಂಭಿಸಿದ್ದು ಇಲ್ಲಿಯೇ. ಅದನ್ನು ಕೇಳುತ್ತಿದ್ದವರ ರೇಡಿಯೋಗೆ ನಿಲ್ದಾಣ ಹಿಡಿಯುವ ಗುಂಡಿ ಒಂದೇ. ಮುಳ್ಳು ಸರಿದು ನಿಲ್ದಾಣ ತಪ್ಪಿದರೆ ಅಷ್ಟೇ ಹಿಂದಕ್ಕೆ ತಿರುಗಿಸಿದರೆ ಸಾಕಿತ್ತು. ಇಂದಿನ ರೂಟರ್‌ನಲ್ಲಿ ಅಂಥ ಮುಳ್ಳುಗಳು ಹತ್ತಾರಿವೆ. ಎಷ್ಟೋ ಮುಳ್ಳು ಕಣ್ಣಿಗೆ ಕಾಣುವುದಿಲ್ಲ, ಕೆಲವು ನಮ್ಮ ಮನೆಯಲ್ಲಿಯೇ ಇಲ್ಲ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಅದು ಮೊದಲು ದೊರೆತದ್ದು ಕೆಲವೇ ಮಹಾನಗರಗಳಿಗೆ, ಆರಂಭದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಆಗ ರೂಟರ್ ಎಂಬ ವಸ್ತು ಮನೆಯಲ್ಲಿರಲಿಲ್ಲ. ಮೋಡೆಮ್ ಫೋನ್ ಮಾಡುತ್ತಿತ್ತು, ಕೀರಲು ದನಿ ಕೇಳಿಸುತ್ತಿತ್ತು, ಸೆಟ್ಟಿಂಗ್ ಎಲ್ಲವೂ ಕಂಪ್ಯೂಟರ್‌ನೊಳಗೇ ಇರುತ್ತಿತ್ತು. ಸಂಪರ್ಕ ಹೋಯಿತೆಂದರೆ ಪಕ್ಕದ ಕೋಣೆಯಲ್ಲಿ ಯಾರೋ ಎಕ್ಸ್‌ಟೆನ್ಷನ್ ರಿಸೀವರ್ ಎತ್ತಿದ್ದಾರೆ, ಇಲ್ಲವೇ ಯೂಸರ್‌ನೇಮ್ ತಪ್ಪಿದೆ ಎಂದು ಅರ್ಥ. ದೋಷ ಸರಳವಾಗಿತ್ತು, ಏಕೆಂದರೆ ಒಂದು ಮನೆಗೆ ಒಂದೇ ಯಂತ್ರ, ಅದಕ್ಕೆ ಒಂದೇ ವಿಳಾಸ.

ಬದಲಾವಣೆ ಬಂದದ್ದು 2005ರಲ್ಲಿ. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಮುಟ್ಟಿದರೆ ಬ್ರಾಡ್‌ಬ್ಯಾಂಡ್ ಎಂದಿತು. ಮರುವರ್ಷ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಫೋನಿನ ತಾಮ್ರದ ತಂತಿಗೇ ಸ್ಪ್ಲಿಟರ್ ಸಿಕ್ಕಿಸಿ, ಒಂದು ಕವಲು ಫೋನಿಗೆ, ಇನ್ನೊಂದು ಎಡಿಎಸ್‌ಎಲ್ ಮೋಡೆಮ್‌ಗೆ. ನನ್ನ ಲೆಕ್ಕದಲ್ಲಿ ಮನೆಯವರೇ ಕಲಿತು ಮಾಡುವ ದುರಸ್ತಿ ಹುಟ್ಟಿದ್ದು ಆಗ. ಶುರುವಿನಲ್ಲಿ ಎಷ್ಟೋ ಮನೆಗಳ ಮೋಡೆಮ್ ‘ಬ್ರಿಡ್ಜ್’ ರೀತಿಯಲ್ಲಿತ್ತು. ಅಂದರೆ ಮೋಡೆಮ್ ಬರೀ ಸೇತುವೆ, ಪಿಪಿಪಿಒಇ ಎಂಬ ಪದ್ಧತಿಯಲ್ಲಿ ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡುವ ಕೆಲಸ ಕಂಪ್ಯೂಟರ್‌ನದು. ಆಮೇಲೆ ಮನೆಗೆ ಎರಡನೇ ಕಂಪ್ಯೂಟರ್, ಲ್ಯಾಪ್‌ಟಾಪ್ ಬಂದಾಗ ಮೋಡೆಮ್‌ಗೇ ಡಯಲ್ ಮಾಡಲು ಹೇಳಿಕೊಡಬೇಕಾಯಿತು. ಬ್ರೌಸರ್‌ನಲ್ಲಿ 192.168.1.1 ಎಂದು ಹೊಡೆದು, ಒಳಹೊಕ್ಕು, ಲೈನಿನ ಗುರುತುಸಂಖ್ಯೆಗಳಾದ ವಿಪಿಐ 0, ವಿಸಿಐ 35 ಎಂದು ತುಂಬುವುದನ್ನು ಆ ಕಾಲದವರು ಇಂದಿಗೂ ಮರೆತಿಲ್ಲ. 35 ಇರಬೇಕಾದಲ್ಲಿ 32 ಇದ್ದರೆ ಡಿಎಸ್‌ಎಲ್ ದೀಪ ಸ್ಥಿರವಾಗಿ ಉರಿಯುತ್ತಲೇ ಇರುತ್ತದೆ, ಇಂಟರ್‌ನೆಟ್ ದೀಪ ಮಾತ್ರ ಹತ್ತುವುದಿಲ್ಲ. ಒಂದು ದೀಪ ತಂತಿಯ ಮಾತು, ಇನ್ನೊಂದು ಸೆಟ್ಟಿಂಗ್‌ನ ಮಾತು ಎಂಬ ತಿಳಿವಳಿಕೆ ಜನರಿಗೆ ಬಂದದ್ದು ಆ ಪೆಟ್ಟಿಗೆಗಳಿಂದ. ಆ ದಿನಗಳಲ್ಲಿ ಬೀದಿಗೊಬ್ಬ ಹುಡುಗನಾದರೂ ಇದನ್ನು ಬಲ್ಲವನಿದ್ದ. ಎಸ್‌ಜೆಸಿಇ, ಎನ್‌ಐಇಗಳಂಥ ಎಂಜಿನಿಯರಿಂಗ್ ಕಾಲೇಜುಗಳಿರುವ ಊರಿನಲ್ಲಿ ಅದು ಸಹಜವೇ.

ಅದೇ ಕಾಲ ಒಂದು ದೊಡ್ಡ ಗೊಂದಲವನ್ನೂ ಬಿಟ್ಟುಹೋಯಿತು. ರೀಸ್ಟಾರ್ಟ್ ಮತ್ತು ರೀಸೆಟ್ ಒಂದೇ ಎಂದು ಜನ ನಂಬಿದರು. ಆಫ್ ಮಾಡಿ ಆನ್ ಮಾಡುವುದು ರೀಸ್ಟಾರ್ಟ್. ಅದರಿಂದ ಏನೂ ಕೆಡುವುದಿಲ್ಲ, ಎಷ್ಟೋ ಸಲ ಅದೇ ಸಾಕು. ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡು ಒತ್ತುವುದು ರೀಸೆಟ್. ಅದು ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವೈ-ಫೈ ಹೆಸರು ಎಲ್ಲವನ್ನೂ ಅಳಿಸಿ ಪೆಟ್ಟಿಗೆಯನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಒಂದು ಸಣ್ಣ ಬದಲಾವಣೆಯನ್ನು ಸರಿಪಡಿಸಲು ಹೋಗಿ ಸಂಸಾರವನ್ನೇ ಹೊರಗೆಸೆದಂತೆ. ಆ ಪಾಸ್‌ವರ್ಡ್ ಬರೆದಿಟ್ಟವರು ಯಾರೂ ಇಲ್ಲದ ಮನೆಯಲ್ಲಿ ರೀಸೆಟ್ ಒತ್ತುವಂತೆ ಫೋನಿನಲ್ಲಿ ಸಲಹೆ ಕೊಡುವುದು ತಪ್ಪು ಎಂದು ನಾನು ಬಲವಾಗಿ ನಂಬಿದ್ದೇನೆ.

ಒಂದು ಮನೆಯಲ್ಲಿ ಹತ್ತು ಯಂತ್ರಗಳು ಒಂದೇ ಸಂಪರ್ಕದಲ್ಲಿ ನಡೆಯುವುದು ಹೇಗೆ? 1994ರಲ್ಲಿ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಬರೆದಿಟ್ಟ ನ್ಯಾಟ್ ಎಂಬ ಉಪಾಯದಿಂದ. ಹೊರಗಿನ ಲೋಕಕ್ಕೆ ಮನೆಯದು ಒಂದೇ ವಿಳಾಸ, ಒಳಗೆ ಖಾಸಗಿ ವಿಳಾಸಗಳು. 1996ರಲ್ಲಿ ಆ ಖಾಸಗಿ ಅಂಕಿಗಳ ಮೂರು ಗುಂಪುಗಳು ಈಗಿನ ರೂಪದಲ್ಲಿ ನಿಗದಿಯಾದವು. 192.168 ಎಂದು ಶುರುವಾಗುವುದು ಅವುಗಳಲ್ಲೊಂದು. ಲೋಕದ ಕೋಟ್ಯಂತರ ಮನೆಗಳು ಅದೇ ಅಂಕಿ ಬಳಸುತ್ತವೆ, ಎಲ್ಲಿಯೂ ತೊಂದರೆಯಿಲ್ಲ, ಏಕೆಂದರೆ ಅವು ಹೊರಗೆ ಹೋಗುವುದೇ ಇಲ್ಲ.

ತೊಂದರೆ ಬರುವುದು ಒಂದೇ ಮನೆಯಲ್ಲಿ ಎರಡು ರೂಟರ್ ಇದ್ದಾಗ. ನಮ್ಮದು ದಪ್ಪ ಗೋಡೆಯ ಹಳೆಯ ಮನೆ. ಕೆಳಗಿನ ವೈ-ಫೈ ಮಹಡಿಗೆ ಹತ್ತುತ್ತಿರಲಿಲ್ಲ. ಮೇಲೆ ಇನ್ನೊಂದು ರೂಟರ್ ಇಟ್ಟು, ಕೆಳಗಿನ ಪೆಟ್ಟಿಗೆಯಿಂದ ಅದರ ವ್ಯಾನ್ ಕಿಂಡಿಗೆ, ಅಂದರೆ ಹೊರಗಿನ ಸಂಪರ್ಕ ಸಿಕ್ಕಿಸುವ ಕಿಂಡಿಗೆ, ತಂತಿ ಎಳೆದೆ. ಎರಡನ್ನೂ ನೆನಪಿಡಲು ಸುಲಭವಾಗಲಿ ಎಂದು ಮೇಲಿನದರ ಒಳವಿಳಾಸವನ್ನೂ ಕೆಳಗಿನದರ 192.168.1 ಸಾಲಿಗೇ ಬದಲಿಸಿದೆ. ಅಂದು ಸಂಜೆಯಿಂದ ಮಹಡಿಯಲ್ಲಿ ನೆಟ್ ಇಲ್ಲ. ಮರುದಿನ ಕಾಗದದ ಮೇಲೆ ಚಿತ್ರ ಬರೆದಾಗ ಕಾರಣ ಹೊಳೆಯಿತು. ಒಂಟಿಕೊಪ್ಪಲಿಗೂ ಒಂದನೇ ಮೇನ್ ಉಂಟು, ಜಯಲಕ್ಷ್ಮೀಪುರಕ್ಕೂ ಒಂದನೇ ಮೇನ್ ಉಂಟು. ಬಡಾವಣೆಯ ಹೆಸರಿಲ್ಲದ ಕಾಗದ ಕೈಗೆ ಬಂದರೆ ಅಂಚೆಯವರು ಏನು ಮಾಡಬೇಕು? ಮೇಲಿನ ರೂಟರ್‌ಗೂ ಅದೇ ಪಾಡು: ಒಳಗೂ ಅದೇ ಸಾಲು, ಹೊರಗೂ ಅದೇ ಸಾಲು, ಹೊರಗೆ ಕಳಿಸಬೇಕಾದದ್ದು ಒಳಗೇ ಸುತ್ತುತ್ತದೆ. ಮೇಲಿನದನ್ನು 192.168.2.1 ಮಾಡಿ, ಫೋನಿನ ವೈ-ಫೈ ಒಮ್ಮೆ ಆರಿಸಿ ಹಚ್ಚಿದ ಮೇಲೆ ಎಲ್ಲ ಸರಿಯಾಯಿತು. ಆರಿಸಿ ಹಚ್ಚುವುದು ಮುಖ್ಯ. ವಿಳಾಸ ಬದಲಾದುದು ರೂಟರ್‌ಗೆ ಗೊತ್ತು, ಫೋನು ಮಾತ್ರ ಹಳೆಯ ವಿಳಾಸವನ್ನೇ ಹಿಡಿದು ಕೂತಿರುತ್ತದೆ. ಈಚಿನ ಕೆಲವು ರೂಟರ್‌ಗಳು ಇಂಥ ತಿಕ್ಕಾಟ ಕಂಡರೆ ತಾವೇ ಬೇರೆ ಸಾಲಿಗೆ ಸರಿದುಕೊಳ್ಳುತ್ತವೆ.

ತಂತಿಯನ್ನು ವ್ಯಾನ್ ಕಿಂಡಿಯ ಬದಲು ಮನೆಯ ಯಂತ್ರಗಳಿಗೆಂದಿರುವ ಲ್ಯಾನ್ ಕಿಂಡಿಗೆ ಚುಚ್ಚಿದರೆ ಬೇರೆಯೇ ರೋಗ. ವಿಳಾಸ ಹಂಚುವ ಕೆಲಸ ಡಿಎಚ್‌ಸಿಪಿಯದು. 1993ರಲ್ಲಿ ರೂಪುಗೊಂಡ ಈ ಪದ್ಧತಿಯಿಂದಲೇ ಇಂದು ಯಾರೂ ಕೈಯಾರೆ ಅಂಕಿ ತುಂಬಬೇಕಾಗಿಲ್ಲ. ಮನೆಯಲ್ಲಿ ಇಬ್ಬರು ಹಂಚುವವರಾದರೆ ಮೊದಲು ಉತ್ತರಿಸಿದವರ ಮಾತು ನಡೆಯುತ್ತದೆ. ಅಪ್ಪನ ಫೋನಿಗೆ ನೆಟ್ ಇದೆ, ಮಗಳ ಲ್ಯಾಪ್‌ಟಾಪ್‌ಗೆ ಇಲ್ಲ, ನಾಳೆ ಅದು ಅದಲುಬದಲು. ಎರಡನೆಯದರ ಡಿಎಚ್‌ಸಿಪಿ ಆರಿಸಿ, ಅದರ ವಿಳಾಸ ಮೊದಲನೆಯದಕ್ಕೆ ಡಿಕ್ಕಿ ಹೊಡೆಯದಂತೆ ನೋಡಿಕೊಂಡರೆ ಮುಗಿಯಿತು. ಹಂಚುವವರೇ ಇಲ್ಲವಾದರೆ ಕಂಪ್ಯೂಟರ್ ತಾನೇ 169.254 ಎಂದು ಶುರುವಾಗುವ ವಿಳಾಸವೊಂದನ್ನು ಹಾಕಿಕೊಳ್ಳುತ್ತದೆ. ಆ ಅಂಕಿ ಕಂಡರೆ ಕಂಪನಿಗೆ ಫೋನ್ ಮಾಡುವ ಅಗತ್ಯವಿಲ್ಲ, ದೋಷ ಮನೆಯೊಳಗೇ ಇದೆ.

ಇನ್ನು ಡಿಎನ್‌ಎಸ್. ಅದು ತಾಣದ ಹೆಸರನ್ನು ಅಂಕಿಯಾಗಿ ತಿಳಿಸಿಕೊಡುವ ಏರ್ಪಾಡು, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. 2009ರಲ್ಲಿ ಗೂಗಲ್ 8.8.8.8 ತೆರೆದ ಮೇಲೆ, 2018ರಲ್ಲಿ ಕ್ಲೌಡ್‌ಫ್ಲೇರ್ 1.1.1.1 ತಂದ ಮೇಲೆ ಇದನ್ನು ಬದಲಿಸುವುದು ಮನೆಮಾತಾಯಿತು. ಒಂದಂಕಿ ತಪ್ಪಿದರೆ ಯಾವ ಹೆಸರೂ ತೆರೆಯುವುದಿಲ್ಲ, ಆದರೆ 8.8.8.8ಕ್ಕೆ ‘ಪಿಂಗ್’ ಎಂಬ ಪರೀಕ್ಷಾ ಕರೆ ಕೊಟ್ಟರೆ ಉತ್ತರ ಬರುತ್ತದೆ. ಆಗ ದಾರಿ ಸರಿಯಿದೆ, ಹೆಸರು ಹೇಳುವವರು ಸಿಗುತ್ತಿಲ್ಲ ಎಂದು ತಿಳಿಯಬೇಕು. ನಾವು ಮುಟ್ಟದೆಯೂ ಸೆಟ್ಟಿಂಗ್ ಬದಲಾಗಬಹುದು. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ಸಿಕ್ಕಿ ನಿಂತುಹೋದವು, ಕರ್ನಾಟಕಕ್ಕೂ ಅದರ ಪೆಟ್ಟು ಬಿತ್ತು. ಬಲಿಯಾದವು ‘ಅಡ್ಮಿನ್’ ಎಂಬ ಮೂಲ ಪಾಸ್‌ವರ್ಡ್ ಬದಲಿಸದೆ ಬಿಟ್ಟಿದ್ದ ಪೆಟ್ಟಿಗೆಗಳು. ಹೆದರಿ ಸೆಟ್ಟಿಂಗ್ ಮುಟ್ಟದೇ ಇರುವುದೂ ಕ್ಷೇಮವಲ್ಲ ಎಂದು ಅಂದು ಗೊತ್ತಾಯಿತು.

ಇನ್ನೆರಡು ಚಿಕ್ಕ ದೋಷಗಳು. ಕೇಬಲ್ ಆಪರೇಟರ್‌ಗಳ ಸಂಪರ್ಕದಲ್ಲಿ ಹಳೆಯ ಪೆಟ್ಟಿಗೆಯ ಗುರುತಾದ ಮ್ಯಾಕ್ ಸಂಖ್ಯೆ ಅವರಲ್ಲಿ ನೋಂದಾಗಿದ್ದರೆ ಹೊಸ ರೂಟರ್ ಎಷ್ಟು ಚೆನ್ನಾಗಿದ್ದರೂ ನೆಟ್ ಬರದು. ಆ ಸಂಖ್ಯೆಯನ್ನು ಹೊಸದಕ್ಕೆ ನಕಲು ಮಾಡಬೇಕು, ಇಲ್ಲವೇ ಅವರಿಗೆ ಹೇಳಿ ಬದಲಿಸಿಕೊಳ್ಳಬೇಕು. ಪಿಪಿಪಿಒಇ ಇರುವಲ್ಲಿ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸುವ ಪೊಟ್ಟಣದ ಗರಿಷ್ಠ ಗಾತ್ರ, 1492 ಇರಬೇಕಾದದ್ದು 1500 ಆದರೆ ಕೆಲವು ತಾಣ ತೆರೆದು ಕೆಲವು ಅರ್ಧಕ್ಕೇ ನಿಲ್ಲಬಹುದು.

ಈಗಿನದು ಫೈಬರ್ ಕಾಲ. ತಾಮ್ರದ ತಂತಿಗಳು ಹೋಗಿ ಮನೆಗೆ ಕೂದಲೆಳೆಯಂಥ ಗಾಜು ಬಂದಿದೆ. ದೀಪಗಳ ಭಾಷೆ ಮಾತ್ರ ಹಾಗೆಯೇ ಇದೆ: ‘ಲಾಸ್’ ದೀಪ ಕೆಂಪಾದರೆ ಬೆಳಕೇ ತಲುಪುತ್ತಿಲ್ಲ, ಲೈನ್‌ಮನ್ ಬರಲೇಬೇಕು. ‘ಪಾನ್’ ಹಸಿರಾಗಿ ನಿಂತೂ ನೆಟ್ ಇಲ್ಲವಾದರೆ ಮೊದಲು ಸೆಟ್ಟಿಂಗ್ ಕಡೆ ನೋಡಬೇಕು. ವೇಗ ನೂರಾರು ಪಟ್ಟು ಹೆಚ್ಚಿದೆ, ಅದು ದೊಡ್ಡ ಲಾಭ. ನಷ್ಟವನ್ನೂ ಹೇಳಬೇಕು. ಕಂಪನಿಯ ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ವಿಲ್ಯಾನ್ ಸಂಖ್ಯೆ, ಪಿಪಿಪಿಒಇ ಪಾಸ್‌ವರ್ಡ್ ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ. 2004ರಲ್ಲಿ ಬಂದ ಟಿಆರ್-069 ಎಂಬ ಪದ್ಧತಿಯಿಂದ ಕಂಪನಿ ದೂರದಿಂದಲೇ ಪೆಟ್ಟಿಗೆಯನ್ನು ತಿದ್ದಬಲ್ಲದು. 2011ರಲ್ಲಿ ನಮ್ಮ ಏಷ್ಯಾ-ಪೆಸಿಫಿಕ್ ವಲಯದ, ಐಪಿವಿ4 ಎಂಬ ಹಳೆಯ ಮಾದರಿಯ ವಿಳಾಸಗಳ ದಾಸ್ತಾನು ಮುಗಿಯುತ್ತ ಬಂತು. ಮರುವರ್ಷ 100.64ರಿಂದ 100.127ರವರೆಗಿನ ಸಾಲನ್ನು ಕಂಪನಿಗಳ ಒಳಬಳಕೆಗೆ ತೆಗೆದಿಟ್ಟರು. ಹೀಗೆ ಈಗ ನ್ಯಾಟ್ ಮನೆಯಲ್ಲೊಂದು, ಕಂಪನಿಯಲ್ಲೊಂದು. ಮನೆಯ ಕ್ಯಾಮೆರಾ ಹೊರಗಿನಿಂದ ಕಾಣಲೆಂದು ಪೋರ್ಟ್ ತೆರೆಯುವವರು ರೂಟರ್‌ನ ಹೊರವಿಳಾಸ ಆ ಸಾಲಿನದೇ ಎಂದು ಮೊದಲು ನೋಡಬೇಕು. ಹೌದಾದರೆ ಎಷ್ಟು ತಿದ್ದಿದರೂ ಫಲವಿಲ್ಲ. ಹಣ ಕೊಟ್ಟು ಸಂಪರ್ಕ ಪಡೆದ ಮನೆಗೆ ತನ್ನ ಸೆಟ್ಟಿಂಗ್‌ನ ಒಂದು ಪ್ರತಿ ಸಿಗಲೇಬೇಕು. ಗ್ರಾಹಕರು ಅದನ್ನು ಹಕ್ಕೆಂದೇ ಕೇಳಬೇಕು.

ಪೆಟ್ಟಿಗೆಗಳು ಎಷ್ಟು ಬದಲಾದರೂ ಹುಡುಕುವ ಕ್ರಮ ಬದಲಾಗಿಲ್ಲ. ಕೊನೆಗೆ ಮುಟ್ಟಿದ್ದನ್ನು ಮೊದಲು ಹಿಂದಕ್ಕೆ ತಿರುಗಿಸಿ. ಆಮೇಲೆ ದೀಪ ನೋಡಿ, ಫೋನಿಗೆ ಸಿಕ್ಕ ವಿಳಾಸ ನೋಡಿ, ರೂಟರ್‌ನ ಪುಟ ತೆರೆಯುತ್ತದೆಯೇ ನೋಡಿ, ಅದರ ಹೊರಬದಿಗೆ ವಿಳಾಸ ಬಂದಿದೆಯೇ ನೋಡಿ, ಹೆಸರಿನ ಪರೀಕ್ಷೆ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಳೆ ಹೊಸ ರೂಟರ್ ತರುವವರಿದ್ದರೆ ಇವತ್ತೇ ಹಳೆಯದರ ಸೆಟ್ಟಿಂಗ್ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ, ರೂಟರ್‌ನ ವಿಳಾಸ, ಇಷ್ಟನ್ನು ಕಂಪನಿಯವರಿಂದ ಕೇಳಿ ಪಡೆದು ಮನೆಯ ಪಂಚಾಂಗದ ರಟ್ಟಿನ ಒಳಬದಿಯಲ್ಲಿ ಬರೆದಿಡಿ. ಯುಗಾದಿಗೆ ಹೊಸ ಪಂಚಾಂಗ ತಂದಾಗ ಅದಕ್ಕೆ ನಕಲು ಮಾಡಿ.