ಖಿಲ್ವತ್ ಗಡಿಯಾರಕ್ಕೆ ಕೀಲಿ ಕೊಡುವವರು

ಹೈದರಾಬಾದಿನ ಚೌಮಹಲ್ಲಾ ಅರಮನೆಯ ಹೆಬ್ಬಾಗಿಲ ಮೇಲೆ ಒಂದು ಗಡಿಯಾರವಿದೆ. ಖಿಲ್ವತ್ ಗಡಿಯಾರ ಎಂದು ಅದರ ಹೆಸರು. ಅರಮನೆಯವರ ಲೆಕ್ಕದಲ್ಲಿ ಅದು ಸುಮಾರು 250 ವರ್ಷಗಳಿಂದ ನಡೆಯುತ್ತಿದೆ. ಗಡಿಯಾರದ ಕಸುಬಿನ ಒಂದು ಮನೆತನದವರು ವಾರಕ್ಕೊಮ್ಮೆ ಬಂದು ಅದಕ್ಕೆ ಕೀಲಿ ಕೊಟ್ಟು ಹೋಗುತ್ತಾರೆ. ಅರಮನೆ ಕಟ್ಟಿಸಿದ ನಿಜಾಮರ ಆಳ್ವಿಕೆ ಮುಗಿಯಿತು, ಹೈದರಾಬಾದ್ ರಾಜ್ಯವೇ 1956ರಲ್ಲಿ ಮೂರು ಪಾಲಾಯಿತು. ಕೀಲಿ ಕೊಡುವ ಕೆಲಸ ಮಾತ್ರ ಮುಂದುವರಿದಿದೆ.

ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲೇ ಇನ್ನೂ ಹಲವು ಗಡಿಯಾರಗಳಿವೆ. ಚಾರ್ಮಿನಾರ್ ಕಟ್ಟಿದ್ದು 1591ರಲ್ಲಿ, ಅದರ ನಾಲ್ಕು ಮುಖಕ್ಕೆ ನಾಲ್ಕು ಗಡಿಯಾರ ಕೂರಿಸಿದ್ದು 1889ರಲ್ಲಿ. ಲಾಡ್ ಬಜಾರ್ ದಾಟಿದರೆ ಮೆಹಬೂಬ್ ಚೌಕದ ಗೋಪುರ. ಅದನ್ನು 1892ರಲ್ಲಿ ಕಟ್ಟಿಸಿದವರು ಆಗಿನ ಪ್ರಧಾನಿ ಆಸ್ಮಾನ್ ಜಾಹ್. ಈ ಗೋಪುರಗಳ ಗಡಿಯಾರ ನಿಲ್ಲುವುದು, ರಿಪೇರಿಯಾಗುವುದು, ಮತ್ತೆ ನಿಲ್ಲುವುದು ಊರಿನ ಪತ್ರಿಕೆಗಳಿಗೆ ಹಳೆಯ ಸುದ್ದಿ. ಒಂದೇ ಊರು, ಒಂದೇ ಧೂಳು, ಒಂದೇ ಬಿಸಿಲು. ಒಂದು ಗಡಿಯಾರ ನಡೆಯುತ್ತಾ ಉಳಿದು, ಉಳಿದವು ಪದೇ ಪದೇ ನಿಲ್ಲುವುದೇಕೆ?

ಉತ್ತರದ ಒಂದು ತುದಿ ಮಾತಿನಲ್ಲೇ ಸಿಗುತ್ತದೆ. ಗಡಿಯಾರ, ಗಳಿಗೆ, ಉರ್ದುವಿನ ಘಡೀ, ಎಲ್ಲದರ ಮೂಲವೂ ಘಟ, ಅಂದರೆ ಮಡಕೆ. ತಳದಲ್ಲಿ ಸಣ್ಣ ತೂತಿದ್ದ ಗಳಿಗೆಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ 24 ನಿಮಿಷಕ್ಕೆ ತುಂಬಿ ಮುಳುಗುತ್ತಿತ್ತು. ಉತ್ತರ ಕರ್ನಾಟಕದ ‘ತಾಸು’ ಕೂಡ ಮೂಲದಲ್ಲಿ ಪಾರಸಿಯ ಬಟ್ಟಲೇ. ಬಟ್ಟಲು ಮುಳುಗಿದೊಡನೆ ಒಬ್ಬ ಆಳು ಅದನ್ನೆತ್ತಿ, ನೀರು ಚೆಲ್ಲಿ, ಜಾಗಟೆ ಬಾರಿಸಿ, ಮತ್ತೆ ತೇಲಿಬಿಡಬೇಕು. ಆಳು ನಿದ್ದೆಹೋದರೆ ಗಳಿಗೆಯೂ ನಿಂತಂತೆ. ವೇಳೆ ಹೇಳುವುದೆಂದರೆ ಒಬ್ಬರ ನೌಕರಿಯಾಗಿತ್ತು.

ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಗೋಪುರಗಳ ಸಂಖ್ಯೆ ಏರಿತು. ಸುಲ್ತಾನ್ ಬಜಾರಿನದು 1865ರದು. ಸಿಕಂದರಾಬಾದಿನ 120 ಅಡಿಯ ಗೋಪುರ ಉದ್ಘಾಟನೆಯಾದದ್ದು 1897ರಲ್ಲಿ. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿನಲ್ಲೂ ಚೌಬಾರಾದ ನೆತ್ತಿಗೆ ಗಡಿಯಾರ ಬಂತು. ಈ ನಡುವೆ, 1874ರಲ್ಲಿ, ಕಲಬುರಗಿ ಸೀಮೆಯ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿತ್ತು. ಆ ಕಾಲದ ರೈಲುಗಳು ನಡೆಯುತ್ತಿದ್ದುದು ಮದ್ರಾಸಿನ ವೇಳೆಗೆ. ಮದ್ರಾಸಿನ ನೆತ್ತಿಗೆ ಸೂರ್ಯ ಬಂದ ಏಳು ನಿಮಿಷದ ಮೇಲೆ ಹೈದರಾಬಾದಿಗೆ ನಡು ಹಗಲು, ವಾಡಿಗೆ ಇನ್ನೂ ಆರು ನಿಮಿಷ ತಡ. ಬಿಸಿಲು ನೋಡಿ ನಿಲ್ದಾಣಕ್ಕೆ ಹೊರಟವರಿಗೆ ರೈಲು ತಪ್ಪಲು ಅಷ್ಟು ಸಾಕು. ಇಡೀ ದೇಶಕ್ಕೊಂದು ವೇಳೆ ಗೊತ್ತಾದದ್ದು 1906ರಲ್ಲಿ. ಮನೆಗೊಂದು ಗಡಿಯಾರವಿಲ್ಲದ ಆ ದಿನಗಳಲ್ಲಿ ಗೋಪುರ ಅಲಂಕಾರಕ್ಕಷ್ಟೇ ಇದ್ದದ್ದಲ್ಲ.

ಗೋಪುರದ ಗಡಿಯಾರ ನೋಡಲು ದೊಡ್ಡದು, ಒಳಗೆ ಸರಳ. ಎರಕದ ಕಬ್ಬಿಣದ ಚೌಕಟ್ಟು, ಅದರಲ್ಲಿ ಹಿತ್ತಾಳೆಯ ಹಲ್ಲುಚಕ್ರಗಳು, ಉಕ್ಕಿನ ಅಚ್ಚುಗಳು. ಒಂದು ಉರುಳೆಗೆ ತಂತಿಹಗ್ಗ ಸುತ್ತಿ ಅದರ ತುದಿಗೆ ಭಾರ ಕಟ್ಟಿರುತ್ತಾರೆ. ಭಾರ ಮೆಲ್ಲಗೆ ಇಳಿಯುತ್ತಾ ಚಕ್ರಗಳನ್ನು ತಿರುಗಿಸುತ್ತದೆ. ಲೋಲಕ ಅತ್ತಿತ್ತ ಆಡುತ್ತಾ ಒಂದೊಂದೇ ಹಲ್ಲನ್ನು ಬಿಟ್ಟುಕೊಡುತ್ತದೆ. ಗಂಟೆ ಹೊಡೆಯಲು ಬೇರೆಯದೇ ಭಾರ. ಕೀಲಿ ಕೊಡುವುದೆಂದರೆ ಹಿಡಿಕೆ ತಿರುಗಿಸಿ ಭಾರವನ್ನು ಮತ್ತೆ ಮೇಲಕ್ಕೇರಿಸುವುದು, ಅಷ್ಟೇ. ಸಾಮಾನ್ಯವಾಗಿ ಎಂಟು ದಿನ ನಡೆಯುವಷ್ಟು ಹಗ್ಗವಿರುತ್ತದೆ. ವಾರಕ್ಕೊಮ್ಮೆ ಬರುವವರು ಒಂದು ದಿನ ತಡಮಾಡಿದರೂ ನಡೆದೀತು ಎಂಬ ಲೆಕ್ಕ.

ಇಂಥ ಯಂತ್ರ ಸವೆಯುವ ಬಗೆ ವಿಚಿತ್ರ. ಮೆತ್ತಗಿನ ಹಿತ್ತಾಳೆ ಸವೆದು ಗಟ್ಟಿ ಉಕ್ಕು ಉಳಿಯಬೇಕು ಎಂದು ತೋರುತ್ತದೆ. ಹಲವು ಸಲ ಆಗುವುದು ತಿರುವುಮುರುವು. ಅಚ್ಚಿಗೆ ಹಾಕಿದ ಎಣ್ಣೆಗೆ ಧೂಳು ಅಂಟಿಕೊಳ್ಳುತ್ತದೆ. ಮರಳಿನ ಕಣಗಳು ಹಿತ್ತಾಳೆಯೊಳಗೆ ಹುದುಗಿ ಕೂತು, ಉಜ್ಜುಕಾಗದದಂತೆ ಉಕ್ಕನ್ನೇ ತಿನ್ನುತ್ತವೆ. ಹೀಗಾಗಿ ಎಣ್ಣೆ ಹಾಕಿದರೆ ಸಾಲದು, ಹಳೆಯ ಎಣ್ಣೆಯನ್ನು ಒರೆಸಿ ತೆಗೆಯಲೂ ಬೇಕು. ಸವೆದ ಅಚ್ಚನ್ನು ಲೇತಿನಲ್ಲಿ ಕಡೆದು ನುಣುಪು ಮಾಡಿ, ಅಂಡಾಕಾರವಾದ ತೂತಿಗೆ ಹೊಸ ಬುಷ್ ಕೂರಿಸಿದರೆ ಚಕ್ರ ಮತ್ತೆ ನೆಟ್ಟಗೆ ನಿಲ್ಲುತ್ತದೆ. ಹಲ್ಲು ಮುರಿದಿದ್ದರೆ ಆ ಜಾಗವನ್ನು ಕೊರೆದು, ಹಿತ್ತಾಳೆಯ ತುಂಡು ಬೆಸೆದು, ಅರದಿಂದ ಉಜ್ಜಿ ಆಕಾರಕ್ಕೆ ತರುತ್ತಾರೆ. ಇಷ್ಟಕ್ಕೆ ಯಾವ ಕಂಪನಿಯ ಬಿಡಿಭಾಗವೂ ಬೇಡ. ಮಾಡಿದ ಕಾರ್ಖಾನೆ ಮುಚ್ಚಿ ನೂರು ವರ್ಷವಾದರೂ ಅಡ್ಡಿಯಿಲ್ಲ.

ಕೈಗಡಿಯಾರದ ಕತೆ ಹೀಗಲ್ಲ. ಹೈದರಾಬಾದಿನ ಆಲ್ವಿನ್ ಕಂಪನಿ ಜಪಾನಿನ ಸೀಕೋ ಜೊತೆ ಸೇರಿ ಗಡಿಯಾರ ತಯಾರಿಸುತ್ತಿತ್ತು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಸಿಟಿಜನ್ ಜೊತೆ ಶುರುಮಾಡಿತ್ತು. ಆಲ್ವಿನ್ ಗಡಿಯಾರಗಳ ತಯಾರಿಕೆ ಈಗ ನಿಂತಿದೆ. ಕೂದಲೆಳೆಯಂಥ ಅಚ್ಚನ್ನು ಗಲ್ಲಿಯ ಲೇತಿನಲ್ಲಿ ಕಡೆಯಲಾಗದು. ಒಂದನ್ನು ಬದುಕಿಸಲು ಇನ್ನೊಂದು ಸತ್ತ ಗಡಿಯಾರ ಬೇಕು. ಎರ್ರಗಡ್ಡದ ಭಾನುವಾರದ ಸಂತೆಯಂಥ ಕಡೆ ನೆಲದ ಮೇಲೆ ಹರಡಿರುವ ಹಳೆಯ ಸಾಮಾನಿಗೆ ಬೆಲೆಯಿರುವುದು ಇಂಥ ಕಾರಣಕ್ಕೇ. ಕನ್ನಡದ ‘ಗುಜರಿ’ ಈಗ ಎಸೆಯುವ ಮಾಲಿನ ಹೆಸರು. ಅದರ ಹಿಂದಿನ ಉರ್ದುವಿನ ‘ಗುಜ್ರೀ’ ದಾರಿಬದಿಯ ಸಂತೆಯಷ್ಟೇ. ‘ಮರಮ್ಮತ್’ ಪದವೂ ಹಾಗೆ ಬಂದದ್ದೇ. ಹಳೆಯ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆಗೆ ಮರಾಮತ್ ಇಲಾಖೆ ಎನ್ನುತ್ತಿದ್ದರು. ಕಟ್ಟುವ ಇಲಾಖೆಗೆ ರಿಪೇರಿಯ ಹೆಸರಿಟ್ಟ ಕಾಲವದು!

ಗೋಪುರದ ಗಡಿಯಾರ ನಿಂತಾಗ ಸುಲಭವಾಗಿ ಹೊಳೆಯುವ ದಾರಿ, ಹಳೆಯ ಯಂತ್ರ ಕಳಚಿ ಮುಳ್ಳುಗಳ ಹಿಂದೆ ಕ್ವಾರ್ಟ್ಜ್ ಮೋಟಾರು ಕೂರಿಸುವುದು. ಈ ದಾರಿಯನ್ನು ಹೀಗಳೆಯುವುದು ಅನ್ಯಾಯ. ಯಾರೂ ಕತ್ತಲೆಯ ಮೆಟ್ಟಿಲು ಹತ್ತಬೇಕಿಲ್ಲ, ವೇಳೆಯೂ ಹೆಚ್ಚು ಕರಾರುವಾಕ್ಕು. ಒಂದು ಮೀಟರ್ ಉದ್ದದ ಲೋಲಕ ಒಂದೇ ಮಿಲಿಮೀಟರ್ ಉದ್ದವಾದರೂ ಗಡಿಯಾರ ದಿನಕ್ಕೆ 43 ಸೆಕೆಂಡು ಹಿಂದೆ ಬೀಳುತ್ತದೆ. ಲೋಲಕದ ಕಂಬಿ ಉಕ್ಕಿನದಾದರೆ ಹೈದರಾಬಾದಿನ ಚಳಿಗಾಲಕ್ಕೂ ಮೇ ತಿಂಗಳಿಗೂ ದಿನಕ್ಕೆ ಹತ್ತು ಸೆಕೆಂಡಿನಷ್ಟು ವ್ಯತ್ಯಾಸ ಬಂದೀತು. ಲಂಡನ್ನಿನ ಬಿಗ್ ಬೆನ್ ಗಡಿಯಾರದವರು ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನಿಟ್ಟು ಇಂಥ ವ್ಯತ್ಯಾಸ ಸರಿಮಾಡುತ್ತಾರೆ; ಒಂದು ನಾಣ್ಯಕ್ಕೆ ದಿನಕ್ಕೆ 0.4 ಸೆಕೆಂಡು. ಅದಕ್ಕೂ ಒಬ್ಬರು ಮೇಲೆ ಹತ್ತಲೇಬೇಕು.

ತೊಡಕು ಆಮೇಲಿನದು. ಮೋಟಾರು ಬಂದ ದಿನ ಕೀಲಿ ಕೊಡುವವರ ಕೆಲಸ ಹೋಗುತ್ತದೆ. ಅವರು ಕೀಲಿಯನ್ನಷ್ಟೇ ಕೊಡುತ್ತಿರಲಿಲ್ಲ. ವಾರಕ್ಕೊಮ್ಮೆ ಹತ್ತಿದಾಗ ಎಣ್ಣೆ ಕಪ್ಪಾದದ್ದು, ಹಗ್ಗದ ಎಳೆ ಬಿಟ್ಟದ್ದು, ಕಿಟಕಿಯ ಗಾಜು ಒಡೆದು ಪಾರಿವಾಳ ಒಳಹೊಕ್ಕದ್ದು ಕಣ್ಣಿಗೆ ಬೀಳುತ್ತಿತ್ತು. ಪಾರಿವಾಳದ ಮಾತು ಸುಮ್ಮನೆ ಅಲ್ಲ. ಮೆಹಬೂಬ್ ಚೌಕಕ್ಕೆ ಮುರ್ಗಿ ಚೌಕ ಎಂಬ ಇನ್ನೊಂದು ಹೆಸರು ಬಂದದ್ದೇ ಅಲ್ಲಿನ ಹಕ್ಕಿ ಮಾರುಕಟ್ಟೆಯಿಂದ. ಯಾರೂ ಹತ್ತದ ಗೋಪುರದಲ್ಲಿ ಮೋಟಾರಿನ ವೈರು ಕಡಿದರೂ ತಿಳಿಯುವುದು ಮುಳ್ಳು ನಿಂತ ಮೇಲೆಯೇ. ಆಗ ಟೆಂಡರು ಕರೆಯುತ್ತಾರೆ. ಎಲೆಕ್ಟ್ರಾನಿಕ್ ಬೋರ್ಡು ಕೆಟ್ಟರೆ ಅದನ್ನು ಎಸೆದು ಬೇರೆ ಹಾಕಬೇಕು, ಅದೇ ಮಾದರಿ ಆಗ ಸಿಕ್ಕಿದರೆ. ಕಳಚಿಟ್ಟ ಹಿತ್ತಾಳೆ ಅಷ್ಟರಲ್ಲಿ ತೂಕಕ್ಕೆ ಹೋಗಿರುತ್ತದೆ.

ಜನ ಕಣ್ಣಿಟ್ಟಿರುವ ಗಡಿಯಾರಕ್ಕೆ ಈ ಗತಿ ಬರುವುದು ಕಷ್ಟ. ಸಾಲಾರ್ ಜಂಗ್ ಮ್ಯೂಸಿಯಮಿನಲ್ಲಿ ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಒಂದು ಗಡಿಯಾರವಿದೆ. ಅದರೊಳಗೆ ಕಮ್ಮಾರನ ಪುಟ್ಟ ಗೊಂಬೆ ಸೆಕೆಂಡಿಗೊಮ್ಮೆ ಸುತ್ತಿಗೆ ಬೀಸುತ್ತದೆ. ಗಂಟೆಗೊಮ್ಮೆ ಗಡ್ಡದ ಗೊಂಬೆಯೊಂದು ಬಾಗಿಲು ತೆರೆದು ಬಂದು ಜಾಗಟೆ ಬಾರಿಸಿ ಒಳಹೋಗುತ್ತದೆ. ಹನ್ನೆರಡು ಏಟು ಎಣಿಸಲೆಂದು ಮಧ್ಯಾಹ್ನಕ್ಕೆ ಮುಂಚೆಯೇ ಜನ ಬಂದು ಕೂರುತ್ತಾರೆ. ಆ ಗೊಂಬೆ ಒಂದು ದಿನ ಹೊರಬರದಿದ್ದರೆ ದೂರು ಹೇಳಲು ಅಲ್ಲೇ ಸಾಲುಸಾಲು ಮಂದಿ ಇರುತ್ತಾರೆ.

ಖಿಲ್ವತ್ ಗಡಿಯಾರಕ್ಕೆ ಅಂಥ ಪ್ರೇಕ್ಷಕರಿಲ್ಲ. ಅರಮನೆ ನೋಡಲು ಬರುವವರು ತಲೆ ಎತ್ತಿ ಒಮ್ಮೆ ನೋಡಿ, ಮೊಬೈಲಿನಲ್ಲಿ ವೇಳೆ ತಾಳೆಹಾಕಿ ಒಳಗೆ ಹೋಗುತ್ತಾರೆ. ವಾರ ತುಂಬುವ ಹೊತ್ತಿಗೆ ಘಡೀಸಾಜರು ಮೇಲೆ ಹತ್ತುತ್ತಾರೆ.