ಲಿಫ್ಟ್‌ಗಳ ಸ್ವಯಂಚಾಲಿತ ಸುರಕ್ಷಾ ಬ್ರೇಕ್: ಇತಿಹಾಸ

ಲಿಫ್ಟಿನ ಹಗ್ಗ ಕಡಿದಾಗ ಅಥವಾ ಕ್ಯಾಬಿನ್ ಮಿತಿಮೀರಿದ ವೇಗದಲ್ಲಿ ಇಳಿಯತೊಡಗಿದಾಗ, ಯಾರೂ ಕೈಹಾಕದೆಯೇ ಅದನ್ನು ಇಕ್ಕೆಲದ ಹಳಿಗಳಿಗೆ ಕಚ್ಚಿಸಿ ನಿಲ್ಲಿಸುವ ಯಂತ್ರಭಾಗಕ್ಕೆ ಸುರಕ್ಷಾ ಬ್ರೇಕ್ ಎನ್ನುತ್ತಾರೆ. ಲಿಫ್ಟ್ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಸೇಫ್ಟಿ’ ಅಥವಾ ‘ಸೇಫ್ಟಿ ಗೇರ್’. ಮೋಟಾರಿನ ಪಕ್ಕದಲ್ಲಿದ್ದು ಪ್ರತಿ ಮಹಡಿಯಲ್ಲೂ ಲಿಫ್ಟನ್ನು ಹಿಡಿದು ನಿಲ್ಲಿಸುವ ದಿನಬಳಕೆಯ ಬ್ರೇಕ್ ಬೇರೆ. ಕ್ಯಾಬಿನ್ನಿನ ಅಡಿಯಲ್ಲಿ ಕೂತು ವರ್ಷಗಟ್ಟಲೆ ಸುಮ್ಮನಿರುವ ಈ ಬ್ರೇಕ್ ಬೇರೆ. ಆದರೆ ಹುಟ್ಟಿನಲ್ಲಿ ಎರಡರ ಹಿಂದಿನ ಯೋಚನೆ ಒಂದೇ. ಬ್ರೇಕ್ ಯಾವಾಗಲೂ ಹಿಡಿಯಲು ಹವಣಿಸುತ್ತಿರಬೇಕು. ಎಲ್ಲವೂ ಸರಿಯಿದೆ ಎಂಬುದಕ್ಕೆ ಸಾಕ್ಷಿಯಾದ ಒಂದು ಬಲ, ಅಂದರೆ ಹಗ್ಗದ ಬಿಗಿತವೋ ವಿದ್ಯುತ್ತೋ, ಅದನ್ನು ಬಿಡಿಸಿಟ್ಟಿರಬೇಕು. ಆ ಬಲ ಹೋದ ಗಳಿಗೆಯಲ್ಲಿ ಬ್ರೇಕ್ ತಾನಾಗಿ ಬೀಳುತ್ತದೆ.

ಈ ಇತಿಹಾಸವನ್ನು ಕೊಡಗಿನಿಂದ ನೋಡೋಣ. ಇಲ್ಲಿ ಈ ಯಂತ್ರದ ಚರಿತ್ರೆ ತೀರ ಈಚಿನದು. ಒಂದೇ ನೆಲೆಯ ಐನ್‌ಮನೆಗಳ (ಕುಲದ ಹಿರಿಮನೆಗಳ), ಹೆಂಚಿನ ಮಾಡಿನ ಅಂಗಡಿಸಾಲುಗಳ ನಾಡಿಗೆ ಲಿಫ್ಟಿನ ಅಗತ್ಯವೇ ಇರಲಿಲ್ಲ. ಆದರೆ ಕರ್ನಾಟಕದಲ್ಲಿ ಮನುಷ್ಯರನ್ನು ಹಗ್ಗಕ್ಕೆ ಕಟ್ಟಿ ಏರಿಸಿ ಇಳಿಸುವ ಕೆಲಸ ಕಟ್ಟಡಗಳಿಂದ ಶುರುವಾದದ್ದಲ್ಲ. ಅದು ಶುರುವಾದದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. ಆ ಗಣಿಗಳಿಗೆ ವಿದ್ಯುತ್ ಕೊಟ್ಟದ್ದು ತಲಕಾವೇರಿಯಲ್ಲಿ ಹುಟ್ಟುವ ನೀರು. ಕೊಡಗು ಈ ಕಥೆಯೊಳಗೆ ಬರುವ ಮೊದಲ ದಾರಿ ಅದು.

ಹಗ್ಗ ಕಡಿದಾಗ

ಎತ್ತುವ ಯಂತ್ರಗಳು ಬಹು ಹಳೆಯವು. ರಾಟೆ, ಹಗ್ಗ, ಎತ್ತು ಇದ್ದಲ್ಲೆಲ್ಲ ಭಾರ ಮೇಲೇರಿದೆ. ಹಗ್ಗ ಕಡಿದರೆ ಏನು ಗತಿ ಎಂಬ ಪ್ರಶ್ನೆಗೆ ಮಾತ್ರ ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಸಮಾಧಾನಕರ ಉತ್ತರವಿರಲಿಲ್ಲ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗಾಗಿ ಎಡ್ವರ್ಡ್ ಫೋರ್ಡ್ರಿನಿಯರ್ 1840ರ ದಶಕದಲ್ಲಿ ರೂಪಿಸಿದ ಕೊಂಡಿ ಮೊದಲ ಉತ್ತರಗಳಲ್ಲಿ ಒಂದು. ಹಗ್ಗ ಸಡಿಲವಾದೊಡನೆ ಅದರ ಬೆಣೆಗಳು ಹಳಿಗಳನ್ನು ಕಚ್ಚುತ್ತಿದ್ದವು.

ಹೆಸರು ಉಳಿದದ್ದು ಎಲಿಷಾ ಗ್ರೇವ್ಸ್ ಓಟಿಸ್‌ನದು (1811–1861). ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಮಂಚ ತಯಾರಿಸುವ ಕಾರ್ಖಾನೆಯ ಮೆಕ್ಯಾನಿಕ್ ಆಗಿದ್ದ ಆತ 1852ರಲ್ಲಿ ಸರಕಿನ ಲಿಫ್ಟಿಗೆ ಒಂದು ಉಪಾಯ ಹೂಡಿದ. ಗಾಡಿಗೆ ಹಾಕುವಂಥ ಬಾಗಿದ ಪಟ್ಟಿ ಸ್ಪ್ರಿಂಗನ್ನು ಲಿಫ್ಟಿನ ತಲೆಯ ಮೇಲೆ ಕೂರಿಸಿ ಹಗ್ಗವನ್ನು ಅದಕ್ಕೇ ಕಟ್ಟಿದ. ಲಿಫ್ಟಿನ ಭಾರಕ್ಕೆ ಸ್ಪ್ರಿಂಗ್ ಬಾಗಿಕೊಂಡಿರುತ್ತದೆ. ಹಗ್ಗ ಕಡಿದರೆ ಅದು ಚಪ್ಪಟೆಯಾಗಿ ಚಾಚಿಕೊಳ್ಳುತ್ತದೆ; ಎರಡೂ ತುದಿಗಳು ಪಕ್ಕದ ಕಂಬಗಳ ಗರಗಸದಂಥ ಹಲ್ಲುಗಳಿಗೆ ಸಿಕ್ಕಿಕೊಳ್ಳುತ್ತವೆ. ಅಷ್ಟೇ. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಓಟಿಸ್ ಜನರೆದುರೇ ಎತ್ತರದ ವೇದಿಕೆಯ ಮೇಲೆ ನಿಂತು ಹಗ್ಗ ಕಡಿಸಿದ. ವೇದಿಕೆ ಸ್ವಲ್ಪ ಜಾರಿ ನಿಂತಿತು. ಸರ್ಕಸ್ಸಿನ ಗತ್ತಿನ ಈ ಪ್ರದರ್ಶನ ಇಲ್ಲದಿದ್ದರೆ ಆತನ ಹೆಸರು ಬಹುಶಃ ಫೋರ್ಡ್ರಿನಿಯರ್‌ನಷ್ಟೇ ಅಪರಿಚಿತವಾಗಿ ಉಳಿಯುತ್ತಿತ್ತು. 1857ರ ಮಾರ್ಚ್ 23ರಂದು ನ್ಯೂಯಾರ್ಕಿನ ಹಾವೌಟ್ ಮಳಿಗೆಯಲ್ಲಿ ಜನರಿಗಾಗಿಯೇ ಕಟ್ಟಿದ ಆತನ ಲಿಫ್ಟ್ ಓಡಿತು. ಪೇಟೆಂಟ್ ಸಿಕ್ಕಿದ್ದು 1861ರ ಜನವರಿಯಲ್ಲಿ. ಅದೇ ವರ್ಷ ಆತ ತೀರಿಕೊಂಡ.

ಭಾರತಕ್ಕೆ ಆತನ ಹೆಸರಿನ ಕಂಪನಿಯ ಮೊದಲ ಲಿಫ್ಟ್ ಬಂದದ್ದು 1892ರಲ್ಲಿ, ಮುಂದೆ ರಾಜಭವನ ಎನಿಸಿಕೊಂಡ ಕೋಲ್ಕತ್ತದ ಕಟ್ಟಡಕ್ಕೆ. ಮೈಸೂರು ಸೀಮೆಯಲ್ಲಿ ಲಿಫ್ಟ್ ಮೊದಮೊದಲು ಅರಮನೆಯ ಬೆಡಗಿನ ವಸ್ತು. 1921ರಲ್ಲಿ ಅಡಿಗಲ್ಲು ಬಿದ್ದ ಲಲಿತಮಹಲ್ ಅರಮನೆಯ ಹಳೆಯ ಲಿಫ್ಟ್ ಇದಕ್ಕೆ ಪರಿಚಿತ ಉದಾಹರಣೆ. ಅರಮನೆಯ ಒಂದೆರಡು ಮಹಡಿ ಬಿಟ್ಟು, ದಿನವೂ ಸಾವಿರಾರು ಕೂಲಿಕಾರರ ಜೀವ ಹಗ್ಗಕ್ಕೆ ಜೋತುಬಿದ್ದಿದ್ದ ಕಡೆಗೆ ಹೋಗೋಣ.

ಕೋಲಾರದ ಕೇಜು

ಮೈಕೆಲ್ ಫಿಟ್ಜೆರಾಲ್ಡ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಕೋಲಾರದಲ್ಲಿ ಚಿನ್ನ ಹುಡುಕಹೊರಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಶಾಫ್ಟ್‌ಗಳು, ಅಂದರೆ ಗಣಿಯ ನೇರ ಬಾವಿಗಳು, ನಿಜಕ್ಕೂ ಆಳಕ್ಕಿಳಿದವು. ಮುಂದೆ ಚಾಂಪಿಯನ್ ರೀಫ್ ಗಣಿ ನೆಲದಡಿ ಸುಮಾರು 3.2 ಕಿಲೋಮೀಟರ್ ತಲುಪಿತು. ಅದು ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿನದು. ಚಾಂಪಿಯನ್ ರೀಫಿನ ಗಿಫರ್ಡ್ ಶಾಫ್ಟ್, ಮೈಸೂರು ಗಣಿಯ ಎಡ್ಗರ್ ಶಾಫ್ಟ್‌ಗಳ ಮೇಲೆ ನಿಂತ ಕಬ್ಬಿಣದ ಗೋಪುರಗಳೇ ಕೋಲಾರ ಗೋಲ್ಡ್ ಫೀಲ್ಡ್ಸ್, ಅಂದರೆ ಕೆಜಿಎಫ್‌ನ ಗುರುತಾದವು. ಗೋಪುರದ ಗಾಲಿಯ ಮೇಲೆ ಹಾದು ಬರುವ ಉಕ್ಕಿನ ಹಗ್ಗ, ಅದರ ತುದಿಗೆ ಜನ ನಿಲ್ಲುವ ಪಂಜರ ಅಂದರೆ ಕೇಜು, ಹಗ್ಗ ಸುತ್ತುವ ದೈತ್ಯ ಡ್ರಮ್ಮು. ಇವು ಸೇರಿ ವೈಂಡರ್.

ಇಷ್ಟು ಆಳದಲ್ಲಿ ಓಟಿಸ್‌ನ ಉಪಾಯ ಸೊರಗುತ್ತದೆ. ಮೀಟರಿಗೆ ಆರೇಳು ಕೆ.ಜಿ. ತೂಗುವ ಹಗ್ಗ ಎರಡು ಕಿಲೋಮೀಟರ್ ಇಳಿದರೆ ಹಗ್ಗದ ತೂಕವೇ ಹನ್ನೆರಡು-ಹದಿನಾಲ್ಕು ಟನ್. ಅದು ಮೇಲೆ ಎಲ್ಲೋ ಕಡಿದರೆ, ಕೇಜನ್ನು ಕಚ್ಚಿ ಹಿಡಿದ ಬೆಣೆಯ ಮೇಲೆ ಹಗ್ಗದ ರಾಶಿಯೂ ಬಂದು ಬೀಳುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಅಷ್ಟುದ್ದದ ಉಕ್ಕಿನ ಹಗ್ಗ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕೇಜು ನಿಂತಾಗ, ಹೊರಟಾಗ ಒಮ್ಮೆ ಕುಣಿಯುತ್ತದೆ. ಆ ಕುಣಿತದಲ್ಲಿ ಹಗ್ಗ ಗಳಿಗೆ ಮಾತ್ರ ಸಡಿಲವಾದರೂ ಸ್ಪ್ರಿಂಗಿನ ಕೊಂಡಿ ‘ಹಗ್ಗ ಕಡಿಯಿತು’ ಎಂದೇ ತಿಳಿದು ಕಚ್ಚಿಬಿಡಬಹುದು. ಪೂರ್ತಿ ವೇಗದಲ್ಲಿ ಹೋಗುವ ಕೇಜು ಹಾಗೆ ಗಕ್ಕನೆ ನಿಂತರೆ ಒಳಗಿನವರ ಗತಿ ಬಿದ್ದದ್ದಕ್ಕಿಂತ ಬಹಳ ಮೇಲೇನಲ್ಲ. ಇಂಥ ಕಾರಣಗಳಿಂದ ಆಳದ ಗಣಿಗಳ ಎಂಜಿನಿಯರರು ಬಿದ್ದ ಮೇಲೆ ಹಿಡಿಯುವ ಕೊಂಡಿಯನ್ನು ಅಷ್ಟಾಗಿ ನಂಬಲಿಲ್ಲ. ಹಗ್ಗ ಕಡಿಯದಂತೆ, ಕೇಜು ಓಡಿಹೋಗದಂತೆ ನೋಡಿಕೊಳ್ಳುವುದರಲ್ಲೇ ಬುದ್ಧಿ ಖರ್ಚು ಮಾಡಿದರು.

ಭಾರತದ ಗಣಿ ನಿಯಮಾವಳಿಗಳಲ್ಲೂ ಈ ಒಲವು ಎದ್ದು ಕಾಣುತ್ತದೆ. ಕೇಜಿಗೆ ಸೇರುವ ಕಡೆ ಹಗ್ಗದ ಸವೆತ ಹೆಚ್ಚು. ಆದ್ದರಿಂದ ಆರು ತಿಂಗಳಿಗೊಮ್ಮೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಕ್ಯಾಪ್ ಹಾಕಬೇಕು. ಮೂರೂವರೆ ವರ್ಷ ದುಡಿದ ಹಗ್ಗಕ್ಕೆ, ಕಣ್ಣಿಗೆ ಚೆನ್ನಾಗಿ ಕಂಡರೂ, ಜನರನ್ನು ಇಳಿಸುವ ಕೆಲಸದಿಂದ ನಿವೃತ್ತಿ. ಕೇಜು ಅಳತೆ ಮೀರಿ ಮೇಲೆಳೆಯಲ್ಪಟ್ಟು ಗಾಲಿಗೆ ಬಡಿಯುವ ಅಪಾಯಕ್ಕೆ ಕಳಚುಕೊಕ್ಕೆ ಇತ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಆರ್ಮರಾಡ್ ರೂಪಿಸಿದ ಈ ಜಾಣ ಕೊಕ್ಕೆ ಗೋಪುರದಲ್ಲಿ ಕೂರಿಸಿದ ತಟ್ಟೆಯ ತೂತಿಗೆ ನುಗ್ಗಿದೊಡನೆ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ: ಹಗ್ಗವನ್ನು ಬಿಟ್ಟುಬಿಡುತ್ತದೆ, ತಾನು ರೆಕ್ಕೆ ಚಾಚಿ ತಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಹಗ್ಗ ಹೋಗುತ್ತದೆ, ಕೇಜು ಅಲ್ಲೇ ತೂಗುತ್ತದೆ. ಇದರ ಜೊತೆಗೆ ವೇಗವನ್ನೂ ಕೇಜು ಇರುವ ಜಾಗವನ್ನೂ ಒಟ್ಟಿಗೆ ಗಮನಿಸಿ, ಮಿತಿ ಮೀರಿದರೆ ವೈಂಡರಿನ ಬ್ರೇಕನ್ನು ತಾನೇ ಹಾಕುವ ನಿಯಂತ್ರಕಗಳು ಬಂದವು. ಅವುಗಳಲ್ಲಿ ಲಿಲ್ಲಿ ಕಂಟ್ರೋಲರ್ ಜಗತ್ತಿನ ಗಣಿಗಳಲ್ಲೆಲ್ಲ ಹೆಸರಾಯಿತು.

ವೈಂಡರ್ ಆಡಿಸುವವನಿಗೆ ಕೇಜು ಕಾಣುತ್ತಿರಲಿಲ್ಲ, ಕಿವಿಯೇ ಕಣ್ಣು. ಕೇಜು ಓಡುತ್ತಿರುವಾಗ ಗಂಟೆಯ ಒಂದು ಪೆಟ್ಟು ಬಿದ್ದರೆ ನಿಲ್ಲಿಸು. ನಿಂತಿರುವಾಗ ಒಂದು ಬಿದ್ದರೆ ಎತ್ತು. ಎರಡು ಬಿದ್ದರೆ ಇಳಿಸು. ಮೂರು ಬಿದ್ದರೆ ಒಳಗೆ ಜನರಿದ್ದಾರೆ, ಜೋಪಾನ. ಇಳಿದವರು ಕೂಲಿಕಾರರಷ್ಟೇ ಅಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಸಿಟಿ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಚಾಂಪಿಯನ್ ರೀಫಿನ ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ ಉಪಕರಣ ಹೂಡಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಗುರುತಿಸಿದರು. ಅವರು ಇಳಿದದ್ದೂ ಇದೇ ಕೇಜುಗಳಲ್ಲಿ. ಕೋಲಾರದ ಗಣಿಗಳು 2001ರ ಫೆಬ್ರುವರಿಯಲ್ಲಿ ಮುಚ್ಚಿದವು. ಜನರನ್ನು ಶಾಫ್ಟಿನಲ್ಲಿ ಇಳಿಸಿ ಚಿನ್ನ ತೆಗೆಯುವ ಕೆಲಸ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇನ್ನೂ ನಡೆದಿದೆ.

ಕಾವೇರಿಯ ಪಾತ್ರ

ಮೊದಮೊದಲು ಕೋಲಾರದ ವೈಂಡರುಗಳನ್ನು ತಿರುಗಿಸಿದ್ದು ಉಗಿ. 1902ರಲ್ಲಿ ಕಾವೇರಿಯ ಶಿವನಸಮುದ್ರ ಜಲಪಾತದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಗಣಿಗಳನ್ನು ತಲುಪಿತು. ತಲಕಾವೇರಿ ಇರುವ ಬ್ರಹ್ಮಗಿರಿಯ ಮಳೆ ಕೋಲಾರದ ಯಂತ್ರ ತಿರುಗಿಸತೊಡಗಿತು. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ಬೇರೆ ಪ್ರಾಂತ್ಯವಾಗಿತ್ತು. ಬೇಸಗೆಯಲ್ಲಿ ಹೊಳೆ ಸೊರಗಿದರೆ ಗಣಿಗೆ ವಿದ್ಯುತ್ ಸಾಲದು. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ (ಕೃಷ್ಣರಾಜಸಾಗರ) ಕೆಲಸ 1911ರಲ್ಲಿ ಶುರುವಾದದ್ದಕ್ಕೆ ನೀರಾವರಿಯಷ್ಟೇ ಈ ಕೊರತೆಯೂ ಕಾರಣ.

ವಿದ್ಯುತ್ತಿನ ಜೊತೆಗೆ ಬ್ರೇಕಿನ ಪ್ರಶ್ನೆ ಹೊಸ ರೂಪ ತಾಳಿತು. ಯಾವ ಗಳಿಗೆಯಲ್ಲೂ ಹೋಗಬಹುದಾದ ಶಕ್ತಿಯನ್ನು ಬ್ರೇಕ್ ಹಾಕಲು ಬಳಸುವಂತಿಲ್ಲ, ಬ್ರೇಕ್ ಬಿಡಿಸಲು ಮಾತ್ರ ಬಳಸಬೇಕು. ಇಂದಿನ ಲಿಫ್ಟಿನ ಮೋಟಾರಿನ ಪಕ್ಕದ ಬ್ರೇಕಿನಲ್ಲೂ ಸ್ಪ್ರಿಂಗು ಹಿಡಿಯುತ್ತದೆ, ವಿದ್ಯುತ್ಕಾಂತ ಬಿಡಿಸುತ್ತದೆ. ಲೈನು ಹೋದರೆ ಲಿಫ್ಟ್ ಬೀಳುವುದಿಲ್ಲ, ನಿಲ್ಲುತ್ತದೆ.

ಗವರ್ನರ್

ಕಟ್ಟಡಗಳ ಲಿಫ್ಟ್ ಬೇರೆ ದಾರಿ ಹಿಡಿಯಿತು. ಹಗ್ಗದ ಸಡಿಲನ್ನು ನಂಬದೆ ನೇರವಾಗಿ ವೇಗವನ್ನೇ ಅಳೆಯುವ ಉಪಾಯ 1870ರ ದಶಕದ ಕೊನೆಯ ಹೊತ್ತಿಗೆ ಬಂತು. ಕ್ಯಾಬಿನ್ನಿಗೆ ಕಟ್ಟಿದ ಪ್ರತ್ಯೇಕವಾದ ಒಂದು ತೆಳು ಹಗ್ಗ ಮೇಲಿನ ಗವರ್ನರ್ ಗಾಲಿಯನ್ನು ಸುತ್ತಿ, ಕೆಳಗಿನ ಗುಂಡಿಯಲ್ಲಿ ತೂಕ ಕಟ್ಟಿದ ಇನ್ನೊಂದು ಗಾಲಿಯನ್ನು ಬಳಸಿ ಬರುತ್ತದೆ. ಕ್ಯಾಬಿನ್ ಓಡಿದಷ್ಟೇ ವೇಗದಲ್ಲಿ ಗಾಲಿ ತಿರುಗುತ್ತದೆ. ವೇಗ ಹೆಚ್ಚಿದರೆ ಗಾಲಿಯೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ ಮೊದಲು ಮೋಟಾರಿನ ವಿದ್ಯುತ್ ಕಡಿಯುತ್ತವೆ. ಇನ್ನೂ ಹೆಚ್ಚಿದರೆ ದವಡೆಯೊಂದು ತೆಳು ಹಗ್ಗವನ್ನು ಹಿಡಿದುಬಿಡುತ್ತದೆ. ಹಗ್ಗ ನಿಂತಿತು, ಕ್ಯಾಬಿನ್ ಇಳಿಯುತ್ತಲೇ ಇದೆ. ಆ ಎಳೆತಕ್ಕೆ ಕ್ಯಾಬಿನ್ನಿನ ಅಡಿಯ ಬೆಣೆಗಳು ಮೇಲೆದ್ದು ಹಳಿಯನ್ನು ಕಚ್ಚುತ್ತವೆ. ನಿಗದಿತ ವೇಗದ ಕನಿಷ್ಠ ಶೇಕಡಾ 115 ಮುಟ್ಟಿದ ಮೇಲಷ್ಟೇ ಇದು ನಡೆಯಬೇಕೆಂದು ಮಾನಕಗಳು ಹೇಳುತ್ತವೆ. ನಿಧಾನದ ಲಿಫ್ಟಿಗೆ ಒಮ್ಮೆಲೆ ಕಚ್ಚುವ ಬೆಣೆ ಸಾಕು. ಸೆಕೆಂಡಿಗೆ ಒಂದು ಮೀಟರ್ ಮೀರುವ ಲಿಫ್ಟಿಗೆ ಹಳಿಯನ್ನು ಉಜ್ಜುತ್ತಾ ಕ್ರಮವಾಗಿ ನಿಲ್ಲಿಸುವ ಬಗೆ ಬೇಕು. ಇಲ್ಲದಿದ್ದರೆ ಲಿಫ್ಟ್ ಉಳಿದರೂ ಒಳಗಿನವರ ಮೂಳೆ ಉಳಿಯದು.

ಈ ವ್ಯವಸ್ಥೆ ಸೋತ ಪ್ರಸಿದ್ಧ ಪ್ರಸಂಗವೊಂದಿದೆ. 1945ರ ಜುಲೈ 28ರಂದು ಮಂಜಿನಲ್ಲಿ ದಾರಿತಪ್ಪಿದ ಬಿ-25 ಬಾಂಬರ್ ವಿಮಾನ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಡಿಯಿತು. ಲಿಫ್ಟ್ ಆಪರೇಟರ್ ಬೆಟ್ಟಿ ಲೂ ಆಲಿವರ್ ಇದ್ದ ಕ್ಯಾಬಿನ್ 75 ಮಹಡಿ ಕೆಳಗೆ ಬಿತ್ತು. ಎತ್ತುವ ಹಗ್ಗಗಳ ಜೊತೆ ಗವರ್ನರಿನ ಹಗ್ಗವೂ ಹಾನಿಗೊಂಡದ್ದರಿಂದ ಬೆಣೆಗಳಿಗೆ ಸುದ್ದಿ ಮುಟ್ಟಲಿಲ್ಲ. ಆಕೆ ತೀವ್ರವಾಗಿ ಗಾಯಗೊಂಡರೂ ಬದುಕಿದರು. ಕೆಳಗೆ ಸುರುಳಿಬಿದ್ದಿದ್ದ ಹಗ್ಗದ ರಾಶಿ ಮೆತ್ತೆಯಾಯಿತು ಎನ್ನುತ್ತಾರೆ.

ಹಗ್ಗ ಕಡಿದು ಬೀಳುವುದು ಈಗ ಬಲು ಅಪರೂಪ. ಲಿಫ್ಟನ್ನು ಹಲವು ಹಗ್ಗಗಳು ಹೊರುತ್ತವೆ. ಒಟ್ಟು ಬಲ ಹೊರಬೇಕಾದ ಭಾರದ ಹನ್ನೆರಡು ಪಟ್ಟು. ಹೆಚ್ಚು ಮಂದಿಗೆ ಗೊತ್ತಿಲ್ಲದ ಅಪಾಯ ಎಂದರೆ ಲಿಫ್ಟ್ ಮೇಲಕ್ಕೆ ‘ಬೀಳುವುದು’. ಹಗ್ಗದ ಇನ್ನೊಂದು ತುದಿಗೆ ಕಟ್ಟಿದ ಸಮತೂಕ, ಅಂದರೆ ಕೌಂಟರ್‌ವೇಟ್, ಖಾಲಿ ಕ್ಯಾಬಿನ್ನಿಗಿಂತ ಭಾರ. ಹೊರುವ ಭಾರದ ಶೇಕಡಾ ನಲವತ್ತು-ಐವತ್ತರಷ್ಟು ಹೆಚ್ಚಿಗೆ ಅದಕ್ಕೆ ತುಂಬಿರುತ್ತಾರೆ. ಮೋಟಾರಿನ ಬ್ರೇಕ್ ಸವೆದು ಜಾರಿದರೆ ಒಬ್ಬರೋ ಇಬ್ಬರೋ ಇರುವ ಕ್ಯಾಬಿನ್ ರಭಸದಿಂದ ಮೇಲೇರುತ್ತದೆ. ಓಟಿಸ್‌ನ ಕಾಲದ ಸೇಫ್ಟಿ ಇಳಿತವನ್ನು ಮಾತ್ರ ತಡೆಯಬಲ್ಲದು. ಏರುವಾಗಿನ ಅತಿವೇಗವನ್ನೂ ತಡೆಯಬೇಕೆಂಬ ಷರತ್ತು ಯುರೋಪಿನ ಮಾನಕಕ್ಕೆ ಸೇರಿದ್ದು 1998ರಲ್ಲಿ.

ಕಾನೂನು

ಒಂದೇ ಬಗೆಯ ಪೆಟ್ಟಿಗೆಗೆ ಭಾರತದಲ್ಲಿ ಮೂರು ಕಾನೂನು ಬಂದದ್ದು ವಿಚಿತ್ರವೇ. ಗಣಿಯ ಕೇಜಿಗೆ ಗಣಿ ಕಾಯ್ದೆ ಬಂತು. ಕಾರ್ಖಾನೆಯ ಲಿಫ್ಟಿಗೆ 1948ರ ಕಾರ್ಖಾನೆಗಳ ಕಾಯ್ದೆಯ 28ನೇ ಕಲಮು ಬಂತು: ಜನರನ್ನು ಹೊರುವುದಾದರೆ ಪ್ರತ್ಯೇಕವಾಗಿ ಕಟ್ಟಿದ ಕನಿಷ್ಠ ಎರಡು ಹಗ್ಗ, ಹಗ್ಗ ಕಡಿದರೂ ಹಿಡಿಯುವ ಸಾಧನ, ಆರು ತಿಂಗಳಿಗೊಮ್ಮೆ ಪರೀಕ್ಷೆ. ಉಳಿದ ಕಟ್ಟಡಗಳಿಗೆ ರಾಜ್ಯದ ಕಾನೂನು. ಮುಂಬಯಿ ಪ್ರಾಂತ್ಯ 1939ರಲ್ಲೇ ಲಿಫ್ಟ್ ಕಾಯ್ದೆ ಮಾಡಿತ್ತು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪಬ್ಲಿಕ್ ಯುಟಿಲಿಟಿ ಕಟ್ಟಡ ತಲೆಯೆತ್ತಿದ 1970ರ ದಶಕದಲ್ಲಿ ಕರ್ನಾಟಕವೂ ತನ್ನ ಲಿಫ್ಟ್ ಕಾಯ್ದೆ ತಂದಿತು. ಈಗ ಅದರ ಜಾಗದಲ್ಲಿರುವುದು ಲಿಫ್ಟ್, ಎಸ್ಕಲೇಟರ್, ಪ್ರಯಾಣಿಕರ ಕನ್ವೇಯರುಗಳ 2012ರ ಕಾಯ್ದೆ. ಜಾರಿಯ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು.

ಕೊಡಗಿನಲ್ಲಿ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲುಗಳ ಹೋಟೆಲು, ಆಸ್ಪತ್ರೆ, ವಸತಿ ಕಟ್ಟಡಗಳ ಮೂಲಕ ಲಿಫ್ಟ್ ಈ ಜಿಲ್ಲೆಗೆ ಬಂತು. ಇಲ್ಲಿ ಅದರ ಶತ್ರು ಎತ್ತರವಲ್ಲ, ಮಳೆ. ಇಳಿಜಾರಿನ ನೆಲದಲ್ಲಿ ತೋಡಿದ ಗುಂಡಿಗೆ ಮುಂಗಾರಿನಲ್ಲಿ ನೀರು ಜಿನುಗುತ್ತದೆ. ಗವರ್ನರಿನ ತೂಕದ ಗಾಲಿ, ಪೆಟ್ಟು ತಡೆಯುವ ಬಫರ್, ಹಳಿಯ ಬುಡ ಇರುವುದು ಅಲ್ಲೇ. ತುಕ್ಕು ಹಿಡಿದ ಗಾಲಿ ಸಲೀಸಾಗಿ ತಿರುಗದೆ ಹೋದರೆ ಗವರ್ನರ್ ಸುಳ್ಳು ಹೇಳತೊಡಗುತ್ತದೆ: ಬೇಡದಾಗ ಬೆಣೆ ಎಳೆಯುತ್ತದೆ, ಬೇಕಾದಾಗ ಹಗ್ಗ ಜಾರುತ್ತದೆ. ಬೆಂಗಳೂರಿನ ಒಣ ಗುಂಡಿಗೆ ಸಾಕಾಗುವ ನಿಗಾ ಭಾಗಮಂಡಲದ ಕಡೆಯ ಗಾಳಿಮಳೆಗೆ ಸಾಲದು.

ಇನ್ನೊಂದು ವಿದ್ಯುತ್ತಿನ ಮಾತು. ಮರ ಬಿದ್ದು ಲೈನು ಹೋಗುವುದು ಇಲ್ಲಿ ಮಳೆಗಾಲದ ಮಾಮೂಲು. 2018ರ ಆಗಸ್ಟಿನ ನೆರೆ, ಭೂಕುಸಿತದಂಥ ಹೊತ್ತಿನಲ್ಲಿ ದಿನಗಟ್ಟಲೆ ಬರುವುದಿಲ್ಲ. ಬ್ಯಾಟರಿಯ ಬಲದಿಂದ ಹತ್ತಿರದ ಮಹಡಿಗೆ ಮುಟ್ಟಿಸುವ ಸಾಧನ ಇಲ್ಲದಿದ್ದರೆ ಕ್ಯಾಬಿನ್ ಎರಡು ಮಹಡಿಗಳ ನಡುವೆ ನಿಲ್ಲುತ್ತದೆ. ಒಳಗಿರುವುದು ಕ್ಷೇಮ, ಅಪಾಯ ಹೊರಗಿನವರ ಆತುರದಲ್ಲಿದೆ. ತರಬೇತಿ ಇಲ್ಲದವರು ಮೋಟಾರಿನ ಬ್ರೇಕನ್ನು ಕೈಯಿಂದ ಬಿಡಿಸಿ ಹಾಗೇ ಹಿಡಿದುಕೊಂಡರೆ ಕ್ಯಾಬಿನ್ ವೇಗ ಪಡೆಯುತ್ತದೆ. ಬಾಗಿಲು ಬಲವಂತವಾಗಿ ತೆರೆದು ಅರ್ಧಕ್ಕೆ ನಿಂತ ಕ್ಯಾಬಿನ್ನಿನಿಂದ ಧುಮುಕಿದರೆ ಕೆಳಗಿನ ಖಾಲಿ ಬಾವಿಗೆ ಜಾರುವ ಭಯ. ಲಿಫ್ಟಿನ ಸಾವುಗಳಲ್ಲಿ ಕ್ಯಾಬಿನ್ ಬಿದ್ದು ಆಗುವುದಕ್ಕಿಂತ ಮನುಷ್ಯರು ಬಾವಿಗೆ ಬಿದ್ದು ಆಗುವವೇ ಹೆಚ್ಚು. ಅದನ್ನು ತಡೆಯುವುದು ಸುರಕ್ಷಾ ಬ್ರೇಕಿನ ಕೆಲಸವಲ್ಲ, ಬಾಗಿಲ ಬೀಗದ್ದು.

ಬಳಕೆಯಲ್ಲಿರುವ ಲಿಫ್ಟಿನ ಸುರಕ್ಷಾ ಬ್ರೇಕ್ ಸರಿಯಿದೆಯೇ ಎಂದು ತಿಳಿಯುವ ವಾಡಿಕೆಯ ದಾರಿ ಇದು. ಖಾಲಿ ಕ್ಯಾಬಿನ್ನನ್ನು ನಿಧಾನವಾಗಿ ಇಳಿಸುತ್ತಾ ಗವರ್ನರಿನ ದವಡೆಯನ್ನು ಕೈಯಿಂದಲೇ ಬೀಳಿಸುತ್ತಾರೆ. ಬೆಣೆ ಕಚ್ಚಿದರೆ ಮೋಟಾರ್ ತಿರುಗಿದರೂ ಕ್ಯಾಬಿನ್ ಅಲುಗದು. ಆಮೇಲೆ ಕ್ಯಾಬಿನ್ನನ್ನು ಮೇಲೆತ್ತಿ ಬೆಣೆ ಬಿಡಿಸಿ, ಎರಡೂ ಹಳಿಗಳ ಮೇಲೆ ಬಿದ್ದ ಕಚ್ಚಿನ ಗುರುತು ಸಮನಾಗಿದೆಯೇ ಎಂದು ನೋಡುತ್ತಾರೆ. ಒಂದು ಕಡೆ ಆಳ, ಇನ್ನೊಂದು ಕಡೆ ತೇಲಿದ್ದರೆ ಕೊಂಡಿಗಳನ್ನು ಮತ್ತೆ ಹೊಂದಿಸಬೇಕು. ಸರಿಯಿದ್ದರೆ ಗುರುತನ್ನು ಅರದಿಂದ ಉಜ್ಜಿ ನಯಮಾಡಿ ಲಿಫ್ಟನ್ನು ಬಳಕೆಗೆ ಬಿಡುತ್ತಾರೆ.